‘ಡಿಪ್ಪರ್ ಹೊಡಿ’ ಅಂದರೆ ಏನು? ರಾತ್ರಿ ಗಾಡಿ ಓಡಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

‘ಯೂಸ್ ಡಿಪ್ಪರ್ ಅಟ್ ನೈಟ್’. ಲಾರಿಗಳ ಹಿಂದೆ ಈ ಸಾಲನ್ನು ಅಕ್ಷರ ಕಲಿತ ದಿನದಿಂದ ಓದುತ್ತಾ ಬಂದಿದ್ದೇವೆ. ಆದರೆ ಹೊಸದಾಗಿ ಕಾರು ಕಲಿತವರನ್ನು ‘ಡಿಪ್ಪರ್ ಅಂದ್ರೆ ಏನು?’ ಎಂದು ಕೇಳಿ ನೋಡಿ. ಒಬ್ಬರು ಲೈಟ್ ಕೆಳಗೆ ಮಾಡೋದು ಅನ್ನುತ್ತಾರೆ. ಇನ್ನೊಬ್ಬರು ಲೈಟ್ ಮೇಲೆ ಹೊಡೆಯೋದು ಅನ್ನುತ್ತಾರೆ. ಇಬ್ಬರೂ ಹೇಳಿದ್ದು ಸರಿಯೇ. ಗೊಂದಲ ಶುರುವಾಗುವುದೂ ಅಲ್ಲಿಂದಲೇ.

ನನ್ನ ಸೋದರಮಾವ ಲಾರಿ ಓಡಿಸುತ್ತಿದ್ದರು. ರಾತ್ರಿ ಗಾಡಿ ಓಡಿಸುವುದನ್ನು ನಾನು ಕಲಿತದ್ದು ಅವರ ಪಕ್ಕ ಕೂತು. ಈಗ ಮನೆಯ ಹುಡುಗ ಹುಡುಗಿಯರು ಕಾರು ಕಲಿಯುತ್ತಿದ್ದಾರೆ, ನನ್ನನ್ನು ಕೇಳುತ್ತಾರೆ. ಅವರ ಪ್ರಶ್ನೆಗಳನ್ನೇ ಇಲ್ಲಿ ಬರೆದಿದ್ದೇನೆ.

ಡಿಪ್ಪರ್ ಅನ್ನೋ ಪದದ ಅರ್ಥವೇನು? ‘ದೀಪ’ದಿಂದ ಬಂದಿದ್ದಾ?

ಕೇಳಲು ಹಾಗೇ ಅನ್ನಿಸುತ್ತದೆ, ಆದರೆ ಅಲ್ಲ. ಇಂಗ್ಲಿಷಿನಲ್ಲಿ ‘ಡಿಪ್’ ಅಂದರೆ ತಗ್ಗಿಸು, ಬಗ್ಗಿಸು. ಹೆಡ್‌ಲೈಟಿಗೆ ಎರಡು ಬೆಳಕಿವೆ. ಒಂದು ನೇರವಾಗಿ ದೂರಕ್ಕೆ ಹೋಗುತ್ತದೆ. ಅದು ಹೈ ಬೀಮ್. ಇನ್ನೊಂದು ನೆಲದ ಕಡೆ ಬಾಗಿರುತ್ತದೆ. ಅದು ಲೋ ಬೀಮ್. ಮೇಲಿನ ಬೆಳಕನ್ನು ಕೆಳಕ್ಕೆ ತಗ್ಗಿಸುವ ಸ್ವಿಚ್ಚೇ ಡಿಪ್ಪರ್.

ಹಳೆಯ ಜೀಪುಗಳಲ್ಲಿ ಈ ಸ್ವಿಚ್ ನೆಲದ ಮೇಲೆ, ಕ್ಲಚ್ಚಿನ ಎಡಕ್ಕೆ ಇರುತ್ತಿತ್ತು. ಎಡಗಾಲಲ್ಲಿ ‘ಟಕ್’ ಅಂತ ಒತ್ತಿದರೆ ಲೈಟ್ ಕೆಳಗೆ, ಮತ್ತೊಮ್ಮೆ ಒತ್ತಿದರೆ ಮೇಲೆ. ಈಗ ಸ್ಟೇರಿಂಗ್ ಪಕ್ಕದ ಕಡ್ಡಿಗೆ ಬಂದಿದೆ. ಸಾಮಾನ್ಯವಾಗಿ ಕಡ್ಡಿಯನ್ನು ಮುಂದಕ್ಕೆ ತಳ್ಳಿದರೆ ಹೈ ಬೀಮ್ ನಿಲ್ಲುತ್ತದೆ. ನಿಮ್ಮ ಕಡೆ ಎಳೆದು ಬಿಟ್ಟರೆ ಒಂದು ಸಲ ಮಿಂಚಿ ಹೋಗುತ್ತದೆ. ಬೈಕಿನಲ್ಲಿ ಹಾಗೆ ಮಿಂಚಿಸಲು ಎಡಗೈಯ ತೋರುಬೆರಳಿಗೆ ಸಿಗುವ ‘ಪಾಸ್’ ಬಟನ್ ಇರುತ್ತದೆ.

ಹಾಗಾದರೆ ‘ಡಿಪ್ಪರ್ ಹೊಡಿ’ ಅಂದಾಗ ಲೈಟ್ ಮೇಲೆ ಮಾಡ್ತಾರಲ್ಲ, ಅದು ಹೇಗೆ?

ನಮ್ಮ ರಸ್ತೆಯಲ್ಲಿ ಪದ ಬೆಳೆದ ರೀತಿ ಅದು. ಲೈಟನ್ನು ಕೆಳಗೆ-ಮೇಲೆ ಮಾಡಲು ಒಂದೇ ಸ್ವಿಚ್ ಅಲ್ವಾ? ಹಾಗಾಗಿ ಆ ಸ್ವಿಚ್ ಆಡಿಸುವುದಕ್ಕೆಲ್ಲ ‘ಡಿಪ್ಪರ್ ಹೊಡೆಯೋದು’ ಎಂದೇ ಹೆಸರು ಬಂತು. ಹಾರ್ನ್ ಹೊಡಿ, ಬ್ರೇಕ್ ಹೊಡಿ, ಡಿಪ್ಪರ್ ಹೊಡಿ. ಗಾಡಿಯಲ್ಲಿ ನಾವು ಎಲ್ಲವನ್ನೂ ಹೊಡೆಯುವವರೇ.

ಕಲಿಯುವವರಿಗೆ ನನ್ನ ಸಲಹೆ ಇದು. ‘ಡಿಮ್ ಮಾಡು’ ಅಂದರೆ ಕೆಳಗಿಳಿಸಿ ಅಲ್ಲೇ ಬಿಡಬೇಕು. ‘ಡಿಪ್ಪರ್ ಹೊಡಿ’ ಅಂದರೆ ಒಂದೆರಡು ಸಲ ಮಿಂಚಿಸಿ ಮತ್ತೆ ಕೆಳಗೇ ತರಬೇಕು. ಎರಡರಲ್ಲೂ ಲೈಟ್ ಕೊನೆಗೆ ಬಂದು ನಿಲ್ಲುವುದು ಕೆಳಗೆ. ಇಷ್ಟು ನೆನಪಿದ್ದರೆ ಯಾರು ಹೇಗೆ ಹೇಳಿದರೂ ತಪ್ಪಾಗುವುದಿಲ್ಲ.

ಡಿಮ್ ಅಂದರೆ ಪಾರ್ಕಿಂಗ್ ಲೈಟಾ?

ಅಲ್ಲ. ಪಾರ್ಕಿಂಗ್ ಲೈಟ್ ಅಂದರೆ ಹೆಡ್‌ಲೈಟಿನ ಮೂಲೆಯಲ್ಲಿ ಉರಿಯುವ ಪುಟ್ಟ ದೀಪ. ಅದರಲ್ಲಿ ರಸ್ತೆ ಕಾಣುವುದಿಲ್ಲ. ಕತ್ತಲಾಗುವ ಹೊತ್ತಿಗೆ ಅಷ್ಟನ್ನೇ ಹಾಕಿಕೊಂಡು ಹೋಗುವವರು ಜಾಸ್ತಿ ಇದ್ದಾರೆ. ದಯವಿಟ್ಟು ಬೇಡ. ಮುಸ್ಸಂಜೆಯಲ್ಲಿ ನಿಮಗೆ ರಸ್ತೆ ಕಂಡರೂ ಬೇರೆಯವರಿಗೆ ನೀವು ಕಾಣಬೇಕು.

ಎದುರಿನವರು ಡಿಪ್ಪರ್ ಹೊಡೆದರೆ ಏನರ್ಥ? ‘ನೀನು ಬಾ’ ಅಂತಲಾ, ‘ನಾನು ಬರ್ತೀನಿ’ ಅಂತಲಾ?

ಅತಿ ಹೆಚ್ಚು ಕೇಳುವ ಪ್ರಶ್ನೆ ಇದೇ. ಜೀವ ಉಳಿಸುವ ಉತ್ತರವೂ ಇದರದ್ದೇ. ನಮ್ಮಲ್ಲಿ ಅದರ ಅರ್ಥ ‘ನಾನು ಬರ್ತಾ ಇದ್ದೀನಿ, ನೀನು ನಿಲ್ಲು’.

ಕಿರಿದಾದ ಸೇತುವೆ ನೆನಪಿಸಿಕೊಳ್ಳಿ. ಎರಡೂ ಕಡೆಯಿಂದ ಗಾಡಿ ಬರುತ್ತಿವೆ. ಮೊದಲು ಡಿಪ್ಪರ್ ಹೊಡೆದವರು ‘ನಾನು ಮೊದಲು’ ಎಂದು ಹೇಳಿದ ಹಾಗೆ. ನೀವು ಬಲಕ್ಕೆ ತಿರುಗಲು ಕಾಯುತ್ತಿದ್ದೀರಿ, ಎದುರಿನ ಬಸ್ ಡಿಪ್ಪರ್ ಹೊಡೆಯಿತು. ಅದೂ ‘ನಾನು ನಿಲ್ಲಿಸಲ್ಲ’ ಅಂತಲೇ. ಹತ್ತರಲ್ಲಿ ಒಂಬತ್ತು ಸಲ ಹೀಗೇ ಎಂದುಕೊಳ್ಳಿ.

ಉಳಿದ ಒಂದು ಸಲ ಯಾರೋ ಒಳ್ಳೆಯವರು ತಾವೇ ನಿಧಾನ ಮಾಡಿ ‘ಹೋಗಿ ಹೋಗಿ’ ಎಂದು ಲೈಟ್ ಹೊಡೆಯುತ್ತಾರೆ. ಅದನ್ನು ಗುರುತಿಸುವುದು ಲೈಟ್ ನೋಡಿ ಅಲ್ಲ, ಗಾಡಿಯ ವೇಗ ನೋಡಿ. ಅವರ ಗಾಡಿಯ ಮೂತಿ ಬ್ರೇಕಿಗೆ ಬಗ್ಗಿತಾ? ಪೂರ್ತಿ ನಿಂತಿತಾ? ನಿಂತರೆ ಮಾತ್ರ ಹೊರಡಿ. ಅನುಮಾನವಿದ್ದರೆ ಕಾಯಿರಿ.

ಇನ್ನೂ ಕೆಲವು ಅರ್ಥಗಳಿವೆ. ದೂರದಿಂದಲೇ ಒಂದೆರಡು ಸಲ ಮಿಂಚಿಸಿದರೆ ‘ನಿನ್ನ ಹೈ ಬೀಮ್ ಕಣ್ಣಿಗೆ ಹೊಡೀತಿದೆ, ಡಿಮ್ ಮಾಡು’. ನೀವು ಡಿಮ್ಮಿನಲ್ಲೇ ಇದ್ದರೂ ಹೊಡೆಯುತ್ತಿದ್ದರೆ ನಿಮ್ಮ ಲೈಟಿನಲ್ಲಿ ಏನೋ ದೋಷವಿದೆ. ಹಗಲಿನಲ್ಲಿ ಎದುರಿನವರು ಹೊಡೆದರೆ ‘ಮುಂದೆ ಏನೋ ಇದೆ, ನಿಧಾನ’. ಅಪಘಾತವಿರಬಹುದು, ಮರ ಬಿದ್ದಿರಬಹುದು, ಸಕಲೇಶಪುರದ ಕಡೆಯಾದರೆ ಆನೆಯೂ ಇರಬಹುದು. ಪೊಲೀಸರು ನಿಂತಿದ್ದಾರೆ ಎಂದು ಹೇಳಲೂ ಹೊಡೆಯುತ್ತಾರೆ. ಕಾರಣ ಯಾವುದಾದರೂ ನೀವು ಮಾಡಬೇಕಾದ್ದು ಒಂದೇ, ಕಾಲನ್ನು ಆಕ್ಸಿಲರೇಟರ್‌ನಿಂದ ತೆಗೆಯುವುದು.

ದಾರಿ ಬಿಟ್ಟವರಿಗೆ ಥ್ಯಾಂಕ್ಸ್ ಹೇಳಲೂ ಒಂದು ಚಿಕ್ಕ ಡಿಪ್ಪರ್ ಉಂಟು. ನನಗೆ ಇಷ್ಟವಾದ ಡಿಪ್ಪರ್ ಅದೇ.

ನಾನು ಇಂಗ್ಲೆಂಡಿನಲ್ಲಿದ್ದೇನೆ. ಇಲ್ಲಿ ಲೈಟ್ ಹೊಡೆದರೆ ‘ನೀವು ಹೋಗಿ’ ಅಂತ ಅರ್ಥ. ಊರಿಗೆ ಬಂದಾಗ ಏನು ಮಾಡಲಿ?

ಒಳ್ಳೆಯ ಪ್ರಶ್ನೆ. ಅಲ್ಲಿಂದ ರಜೆಗೆ ಬಂದವರು ಇಲ್ಲಿ ನಿಜವಾಗಲೂ ಎಡವುತ್ತಾರೆ. ಅಲ್ಲಿಯ ಹೈವೇ ಕೋಡ್ ಕೂಡ ಲೈಟ್ ಮಿಂಚಿಸುವುದು ‘ನಾನಿಲ್ಲಿದ್ದೇನೆ’ ಎಂದು ತಿಳಿಸಲು ಮಾತ್ರ ಎನ್ನುತ್ತದೆ. ಆದರೆ ಅಲ್ಲಿನ ಜನರ ರೂಢಿಯಲ್ಲಿ ಅದು ದಾರಿ ಬಿಡುವ ಸನ್ನೆಯಾಗಿದೆ. ಇಲ್ಲಿ ಅದೇ ಸನ್ನೆ ಹೆಚ್ಚಾಗಿ ದಾರಿ ಕೇಳುವ ಸನ್ನೆ. ವಿಮಾನ ಇಳಿದು ಕಾರಿನ ಕೀಲಿ ಕೈಗೆ ತೆಗೆದುಕೊಳ್ಳುವಾಗಲೇ ಇದನ್ನು ಮನಸ್ಸಿನಲ್ಲಿ ಬದಲಾಯಿಸಿಕೊಳ್ಳಿ.

ಅಮೆರಿಕದಲ್ಲಿರುವವರಿಗೆ ಒಂದು ಮಾತು. ಅಲ್ಲಿ ಡಿಪ್ಪರ್ ಎಂದರೆ ಅರ್ಥವಾಗುವುದು ಕಷ್ಟ, ಹೈ ಬೀಮ್ ಎಂದೇ ಹೇಳಿ. ಕ್ಯಾಲಿಫೋರ್ನಿಯಾದಲ್ಲಿ ಎದುರಿನ ಗಾಡಿ 500 ಅಡಿ ಹತ್ತಿರ ಬರುವಷ್ಟರಲ್ಲಿ ಡಿಮ್ ಮಾಡಬೇಕು. ಮುಂದೆ ಹೋಗುತ್ತಿರುವ ಗಾಡಿಗಾದರೆ 300 ಅಡಿ.

ನಮ್ಮಲ್ಲಿ ಎಷ್ಟು ದೂರದಲ್ಲಿ ಡಿಮ್ ಮಾಡಬೇಕು?

ಎದುರಿನ ಗಾಡಿಯ ಬೆಳಕು ಒಂದೇ ಚುಕ್ಕೆಯಾಗಿದ್ದದ್ದು ಎರಡಾಗಿ ಒಡೆದು ಕಾಣುತ್ತಲ್ಲ, ಆಗಲೇ ಮಾಡಿಬಿಡಿ. ಲೆಕ್ಕ ಬೇಕೆಂದರೆ ಹೇಳುತ್ತೇನೆ. ಇಬ್ಬರೂ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿದ್ದರೆ ಸೆಕೆಂಡಿಗೆ ಸುಮಾರು 44 ಮೀಟರ್ ಹತ್ತಿರವಾಗುತ್ತೀರಿ. 300 ಮೀಟರ್ ದೂರ ಏಳು ಸೆಕೆಂಡಿನಲ್ಲಿ ಮುಗಿಯುತ್ತದೆ. ‘ಅವನು ಮಾಡಲಿ, ಆಮೇಲೆ ನಾನು ಮಾಡ್ತೀನಿ’ ಎಂದು ಕಾಯಲು ಅಲ್ಲಿ ಪುರುಸೊತ್ತಿಲ್ಲ. ಮೊದಲು ನೀವೇ ಮಾಡಿ. ನಾನು ನೋಡಿದ ಹಾಗೆ ಹೆಚ್ಚಿನವರು ಆಗ ತಾವೂ ಮಾಡುತ್ತಾರೆ.

ಮುಂದಿನ ಗಾಡಿಯ ಹಿಂದೆ ಹೋಗುವಾಗಲೂ ಡಿಮ್ಮಿನಲ್ಲೇ ಇರಬೇಕು. ಇದನ್ನು ತುಂಬಾ ಜನ ಮರೆಯುತ್ತಾರೆ. ನಿಮ್ಮ ಹೈ ಬೀಮ್ ಅವರ ಮೂರು ಕನ್ನಡಿಗಳಲ್ಲೂ ಬಿದ್ದು ಕಣ್ಣಿಗೆ ಬರುತ್ತದೆ. ಬೀದಿದೀಪ ಇರುವ ಊರೊಳಗೆ ಹೈ ಬೀಮ್ ಬೇಕಾಗುವುದೇ ಇಲ್ಲ.

ಡಿವೈಡರ್ ಇರುವ ಹೆದ್ದಾರಿಯಲ್ಲೂ ಎದುರಿನವರ ಕಣ್ಣಿಗೆ ಬೆಳಕು ಹೋಗುತ್ತದೆ. ನಡುವೆ ಕಣಗಿಲೆ, ಕಾಗದದ ಹೂವಿನ ಗಿಡ ನೆಟ್ಟಿರುತ್ತಾರಲ್ಲ, ಅದು ಅಂದಕ್ಕೆ ಮಾತ್ರವಲ್ಲ, ಆ ಕಡೆಯ ಬೆಳಕನ್ನು ತಡೆಯಲೂ ಹೌದು. ಗಿಡ ಒಣಗಿದ ಕಡೆ ಡಿಮ್ ಮಾಡಿ.

ಒಂದೆರಡು ಸೆಕೆಂಡ್ ಕಣ್ಣಿಗೆ ಬೆಳಕು ಬಿದ್ದರೆ ಅಷ್ಟೊಂದು ಅಪಾಯವಾ?

ಕತ್ತಲಿಗೆ ಹೊಂದಿಕೊಂಡ ಕಣ್ಣು ಜೋರು ಬೆಳಕು ಬಿದ್ದರೆ ಆ ಹೊಂದಿಕೆ ಕಳೆದುಕೊಳ್ಳುತ್ತದೆ. ಬೆಳಕು ದಾಟಿ ಹೋದ ಮೇಲೂ ಕೆಲವು ಸೆಕೆಂಡ್ ಏನೂ ಸರಿಯಾಗಿ ಕಾಣುವುದಿಲ್ಲ. ವಯಸ್ಸಾದಂತೆ ಆ ಹೊತ್ತು ಜಾಸ್ತಿಯಾಗುತ್ತದೆ. ಪೊರೆ ಬರುತ್ತಿರುವ ಕಣ್ಣಿಗಂತೂ ಬೆಳಕು ಚೆಲ್ಲಿದ ಹಾಗೆ ಹರಡಿಕೊಳ್ಳುತ್ತದೆ. ಗಂಟೆಗೆ 80ರ ವೇಗದಲ್ಲಿ ಎರಡು ಸೆಕೆಂಡ್ ಎಂದರೆ 44 ಮೀಟರ್. ಅಷ್ಟು ದೂರ ಕಣ್ಣು ಮುಚ್ಚಿಕೊಂಡು ಹೋದಂತೆ.

ಆ 44 ಮೀಟರಿನಲ್ಲಿ ಏನಿರುತ್ತದೆ ಅನ್ನುವುದೇ ಮುಖ್ಯ. ನಮ್ಮ ರಸ್ತೆ ಬರೀ ಗಾಡಿಗಳದ್ದಲ್ಲ. ಕೆರೆ ಕಡೆಯಿಂದ ಮನೆಗೆ ಬರುವ ಎಮ್ಮೆ ಇರುತ್ತದೆ. ಲೈಟಿಲ್ಲದ ಸೈಕಲ್ ಇರುತ್ತದೆ. ಸುಗ್ಗಿಯ ಕಾಲದಲ್ಲಿ ರಸ್ತೆ ಮೇಲೆ ಹರಡಿದ ಹುರುಳಿ, ಅದರ ಅಂಚಿಗೆ ಇಟ್ಟ ಕಲ್ಲುಗಳಿರುತ್ತವೆ. ಕಬ್ಬಿನ ಕಾಲದಲ್ಲಿ ಟ್ರ್ಯಾಕ್ಟರ್ ಇರುತ್ತದೆ.

ಒಂದು ರಾತ್ರಿ ಮಳವಳ್ಳಿಯಿಂದ ಮದ್ದೂರಿನ ಕಡೆ ಬರುತ್ತಿದ್ದೆ. ಎದುರಿನ ಗಾಡಿ ಡಿಮ್ ಮಾಡಲಿಲ್ಲ. ಬಿಳಿ ಬೆಳಕಿನ ಗೋಡೆ ಎದ್ದು ಬಂದಂತಾಯಿತು. ಮಾವ ಹೇಳಿಕೊಟ್ಟ ಹಾಗೆ ಕಾಲು ಬ್ರೇಕಿಗೆ ಹೋಯಿತು, ಕಣ್ಣು ರಸ್ತೆಯ ಎಡ ಅಂಚಿಗೆ ಹೋಯಿತು. ಆ ಅಂಚಿನಲ್ಲಿ ಪಂಕ್ಚರ್ ಆಗಿ ನಿಂತಿದ್ದ ಕಬ್ಬಿನ ಟ್ರೈಲರ್ ಇತ್ತು. ಹಿಂದೆ ಲೈಟಿಲ್ಲ, ರಿಫ್ಲೆಕ್ಟರ್ ಇಲ್ಲ. ಕಬ್ಬಿನ ಗರಿಗಳು ನನ್ನ ಬಾನೆಟ್ ಮುಟ್ಟುವಷ್ಟು ಹತ್ತಿರದಲ್ಲಿ ಕಾರು ನಿಂತಿತು. ಟೈರ್ ಬಿಚ್ಚುತ್ತಾ ಕೂತಿದ್ದ ಹುಡುಗ ಎದ್ದು ನಿಂತು ನನ್ನನ್ನೇ ನೋಡಿದ. ಅವನಿಗೆ ಹದಿನೆಂಟೋ ಹತ್ತೊಂಬತ್ತೋ ಇರಬೇಕು. ಎದುರಿನಿಂದ ಬಂದವರಿಗೆ ಇದೊಂದೂ ಗೊತ್ತಾಗಲಿಲ್ಲ, ಅವರು ದಾಟಿ ಹೋಗಿದ್ದರು. ಡಿಪ್ಪರ್ ಬಗ್ಗೆ ಇಷ್ಟುದ್ದ ಬರೆಯಲು ಕಾರಣ ಆ ಹುಡುಗನ ಮುಖ.

ಎದುರಿನವರು ಡಿಮ್ ಮಾಡಲೇ ಇಲ್ಲ. ನಾನೂ ಹೈ ಹಾಕಲಾ?

ಬೇಡ. ಸಿಟ್ಟು ಬರುತ್ತದೆ, ನನಗೂ ಬಂದಿದೆ. ಆದರೆ ನೀವೂ ಹಾಕಿದರೆ ಕಣ್ಣು ಕಾಣದ ಇಬ್ಬರು ಒಬ್ಬರ ಮೇಲೊಬ್ಬರು ಬರುತ್ತೀರಿ. ಒಂದೋ ಎರಡೋ ಸಲ ಮಿಂಚಿಸಿ ನೆನಪಿಸಿ. ಕೇಳದಿದ್ದರೆ ಬಿಟ್ಟುಬಿಡಿ. ವೇಗ ಇಳಿಸಿ. ಅವರ ಲೈಟನ್ನು ನೋಡಬೇಡಿ, ರಸ್ತೆಯ ಎಡ ಅಂಚಿನ ಬಿಳಿ ಗೆರೆ ನೋಡಿ. ಗೆರೆ ಇಲ್ಲದಿದ್ದರೆ ಡಾಂಬರು ಮುಗಿದು ಮಣ್ಣು ಶುರುವಾಗುವ ಜಾಗ ನೋಡಿ. ಏನೂ ಕಾಣದಿದ್ದರೆ ಇನ್ನೂ ನಿಧಾನ ಮಾಡಿ, ಬೇಕಾದರೆ ನಿಂತೇಬಿಡಿ. ಆದರೆ ದಿಢೀರನೆ ಬ್ರೇಕ್ ಹಾಕಬೇಡಿ, ಹಿಂದಿನವರ ಕಣ್ಣಿಗೂ ಅದೇ ಬೆಳಕು ಬಿದ್ದಿರುತ್ತದೆ.

ಹಿಂದಿನ ಗಾಡಿಯ ಬೆಳಕು ಒಳಗಿನ ಕನ್ನಡಿಯಲ್ಲಿ ಕುಕ್ಕುತ್ತಿದ್ದರೆ ಕನ್ನಡಿಯ ಕೆಳಗಿನ ಪುಟ್ಟ ಹಿಡಿಯನ್ನು ತಿರುಗಿಸಿ, ಬೆಳಕು ಮಂಕಾಗುತ್ತದೆ. ಮುಂದಿನ ಗಾಜನ್ನು ಒಳಗಿನಿಂದಲೂ ಒರೆಸಿ. ಒಳಗಿನ ಮಬ್ಬೇ ಅರ್ಧ ತೊಂದರೆ ಕೊಡುತ್ತದೆ. ಬೈಕಿನವರಿಗೆ ಗೀರು ಬಿದ್ದ ಹೆಲ್ಮೆಟ್ ಗಾಜು ಅದೇ ರೀತಿ. ಅದನ್ನು ಬದಲಾಯಿಸುವ ಖರ್ಚು ದಂಡವಲ್ಲ.

ರಾತ್ರಿ ಓವರ್‌ಟೇಕ್ ಮಾಡುವಾಗ ಡಿಪ್ಪರ್ ಹೇಗೆ ಬಳಸಬೇಕು?

ಲಾರಿಯ ಇಂಜಿನ್ ಸದ್ದಿನಲ್ಲಿ ನಿಮ್ಮ ಹಾರ್ನ್ ಡ್ರೈವರಿಗೆ ಕೇಳದೇ ಇರಬಹುದು. ಕನ್ನಡಿಯಲ್ಲಿ ಮಿಂಚಿದ ಬೆಳಕು ಕಾಣುತ್ತದೆ. ‘ಯೂಸ್ ಡಿಪ್ಪರ್ ಅಟ್ ನೈಟ್’ ಎಂದು ಹಿಂದೆ ಬರೆಸುವುದು ಇದಕ್ಕೇ. ಆದ್ದರಿಂದ ಮೊದಲು ಡಿಮ್ಮಿನಲ್ಲೇ ಹಿಂದೆ ಹೋಗಿ. ಎದುರಿನ ರಸ್ತೆ ಪೂರ್ತಿ ಖಾಲಿ ಎಂದು ನಿಮ್ಮ ಕಣ್ಣಿಗೇ ಕಂಡ ಮೇಲೆ ಬಲ ಇಂಡಿಕೇಟರ್ ಹಾಕಿ. ಎರಡು ಸಲ ಡಿಪ್ಪರ್ ಹೊಡೆದು ದಾಟಿ. ಲಾರಿಯ ಪಕ್ಕಕ್ಕೆ ಬಂದ ಮೇಲೆ ಹೈ ಬೀಮ್ ಹಾಕಿದರೆ ತೊಂದರೆಯಿಲ್ಲ, ಎದುರಿಗೆ ಯಾರೂ ಇಲ್ಲದಿದ್ದರೆ.

ಮುಂದಿನ ಲಾರಿ ಬಲ ಇಂಡಿಕೇಟರ್ ಹಾಕಿದರೆ ‘ಎದುರಿಗೆ ಗಾಡಿ ಇದೆ, ಬರಬೇಡ’ ಎಂದು, ಎಡದ್ದು ಹಾಕಿದರೆ ‘ಹೋಗು’ ಎಂದು ಡ್ರೈವರುಗಳ ನಡುವೆ ಒಂದು ಮಾತಿದೆ. ಮಾವನ ಕಾಲದಲ್ಲಿ ಅದನ್ನು ನಂಬುತ್ತಿದ್ದರು. ನಾನು ನಂಬುವುದಿಲ್ಲ. ಆ ಲಾರಿ ನಿಜವಾಗಿ ಬಲಕ್ಕೆ ತಿರುಗುತ್ತಿರಬಹುದು. ಎಡ ಇಂಡಿಕೇಟರ್ ಹಾಕಿದವರು ಢಾಬಾಕ್ಕೆ ಇಳಿಯುತ್ತಿರಬಹುದು. ಬೇರೆಯವರ ಕಣ್ಣಿನಿಂದ ಓವರ್‌ಟೇಕ್ ಮಾಡಬೇಡಿ.

ಘಾಟಿಯಲ್ಲಿ, ಮಂಜಿನಲ್ಲಿ?

ಘಾಟಿಯಲ್ಲಿ ಡಿಪ್ಪರಿನ ಬೆಲೆ ನಿಜವಾಗಿ ಗೊತ್ತಾಗುತ್ತದೆ. ಆಗುಂಬೆಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಹಗಲಿನಲ್ಲಿ ಪ್ರತಿ ತಿರುವಿಗೂ ಹಾರ್ನ್ ಮಾಡುತ್ತೇವೆ. ರಾತ್ರಿ ಹಾರ್ನಿನ ಜೊತೆ ಎರಡು ಸಲ ಲೈಟ್ ಮಿಂಚಿಸಿ. ಗಾಡಿ ಕಾಣುವ ಮೊದಲೇ ಅದರ ಬೆಳಕು ಎದುರಿನ ಗುಡ್ಡದ ಮೇಲೋ ಮರದ ಮೇಲೋ ಬೀಳುತ್ತದೆ. ಆ ಕಡೆಯವರಿಗೆ ಅಷ್ಟು ಸಾಕು. ಅವರ ಬೆಳಕು ನಿಮಗೆ ಕಂಡರೆ ನೀವೂ ಹಾಗೇ ನಿಧಾನ ಮಾಡಿ. ಹತ್ತುವ ಗಾಡಿಗೆ ಇಳಿಯುವವರು ದಾರಿ ಬಿಡಬೇಕು. ತುಂಬಿದ ಲಾರಿ ಏರಿನಲ್ಲಿ ಒಮ್ಮೆ ನಿಂತರೆ ಮತ್ತೆ ಹೊರಡುವುದು ಎಷ್ಟು ಕಷ್ಟ ಅನ್ನುವುದು ಕ್ಲಚ್ಚಿನ ಸುಟ್ಟ ವಾಸನೆ ಕುಡಿದವರಿಗೇ ಗೊತ್ತು.

ಮಂಜು ಬಿದ್ದರೆ ಹೈ ಬೀಮ್ ಬೇಡವೇ ಬೇಡ. ಮಡಿಕೇರಿಯ ದಾರಿಯಲ್ಲಿ ಜುಲೈ ತಿಂಗಳಲ್ಲಿ ಒಮ್ಮೆ ಹಾಕಿ ನೋಡಿದರೆ ಸಾಕು. ನೀರಿನ ಕಣಗಳಿಗೆ ಬಡಿದು ಬೆಳಕು ನಿಮ್ಮ ಕಣ್ಣಿಗೇ ವಾಪಸ್ ಬರುತ್ತದೆ, ಮುಂದೆ ಬಿಳಿ ಸೀರೆ ಕಟ್ಟಿದಂತಾಗುತ್ತದೆ. ಲೋ ಬೀಮ್ ಹಾಕಿ, ಫಾಗ್ ಲೈಟ್ ಇದ್ದರೆ ಅದನ್ನೂ ಹಾಕಿ. ಜೋರು ಮಳೆಗೂ ಇದೇ.

ಆನೆ ಸಿಕ್ಕರೆ ಡಿಪ್ಪರ್ ಹೊಡೆಯಬೇಡಿ, ಹಾರ್ನ್ ಮಾಡಬೇಡಿ. ದೂರದಲ್ಲೇ ನಿಂತು ಲೈಟ್ ಡಿಮ್ಮಿನಲ್ಲಿಟ್ಟು ಅದು ಹೋಗುವವರೆಗೆ ಕಾಯಿರಿ. ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಗಾಡಿಗಳ ಓಡಾಟಕ್ಕೆ ತಡೆ ಇರುವುದು ಈ ಪ್ರಾಣಿಗಳಿಗಾಗಿಯೇ.

ನಾನು ಡಿಮ್ಮಿನಲ್ಲೇ ಇದ್ದೇನೆ. ಆದರೂ ಎಲ್ಲರೂ ನನಗೆ ಡಿಪ್ಪರ್ ಹೊಡೀತಾರೆ. ಯಾಕೆ?

ಮೊದಲು ಮೀಟರ್ ನೋಡಿ. ನೀಲಿ ದೀಪ ಉರಿಯುತ್ತಿದ್ದರೆ ನೀವು ಹೈ ಬೀಮಿನಲ್ಲಿದ್ದೀರಿ. ಬೈಕಿನಲ್ಲಿ ಹೆಬ್ಬೆರಳು ತಾಗಿ ಸ್ವಿಚ್ ಮೇಲೆ ಹೋಗಿರುತ್ತದೆ, ಎಷ್ಟೋ ಜನರಿಗೆ ಗೊತ್ತೇ ಆಗುವುದಿಲ್ಲ.

ನೀಲಿ ದೀಪ ಇಲ್ಲವೆಂದರೆ ಕಾರಿನ ಡಿಕ್ಕಿಯಲ್ಲಿ ಏನಿದೆ ಎಂದು ನೆನಪಿಸಿಕೊಳ್ಳಿ. ಊರಿನಿಂದ ಬರುವಾಗ ಅಕ್ಕಿ ಮೂಟೆ, ತೆಂಗಿನಕಾಯಿ, ಹಿಂದಿನ ಸೀಟಿನಲ್ಲಿ ಮೂರು ಜನ. ಹಿಂಭಾಗ ಕುಗ್ಗಿ ಮೂತಿ ಮೇಲೇಳುತ್ತದೆ. ಆಗ ಲೋ ಬೀಮ್ ಕೂಡ ಹೈ ಬೀಮ್ ಆಗಿಬಿಡುತ್ತದೆ. ಸ್ಟೇರಿಂಗ್ ಬಲಗಡೆ 0, 1, 2, 3 ಎಂದು ಬರೆದ ಪುಟ್ಟ ಚಕ್ರ ಹಲವು ಕಾರುಗಳಲ್ಲಿದೆ. ವರ್ಷಗಟ್ಟಲೆ ಓಡಿಸಿದವರೂ ಅದನ್ನು ಮುಟ್ಟಿರುವುದಿಲ್ಲ. ಭಾರ ಜಾಸ್ತಿಯಾದಂತೆ ದೊಡ್ಡ ಸಂಖ್ಯೆಗೆ ತಿರುಗಿಸಿ, ಬೆಳಕು ಕೆಳಗಿಳಿಯುತ್ತದೆ. ಒಬ್ಬರೇ ಇದ್ದಾಗ 0ಕ್ಕೆ ತನ್ನಿ.

ಮೂರನೆಯ ಕಾರಣ ಹೊರಗಿನಿಂದ ಹಾಕಿಸಿದ ಎಲ್‌ಇಡಿ ಬಲ್ಬ್. ಹಳೆಯ ಹ್ಯಾಲೋಜನ್ ಬಲ್ಬಿನಲ್ಲಿ, ಎಚ್4 ಎನ್ನುತ್ತಾರಲ್ಲ, ಎರಡು ತಂತಿಗಳಿರುತ್ತವೆ. ಹೈ ಬೀಮಿನದಕ್ಕೆ 60 ವಾಟ್, ಲೋ ಬೀಮಿನದಕ್ಕೆ 55 ವಾಟ್. ಲೋ ಬೀಮ್ ತಂತಿಯ ಕೆಳಗೆ ಲೋಹದ ಒಂದು ಚಿಕ್ಕ ಬಟ್ಟಲಿದೆ. ಮೇಲಕ್ಕೆ ಹೋಗಬಹುದಾದ ಬೆಳಕನ್ನು ಅದೇ ತಡೆಯುತ್ತದೆ. ಹೆಡ್‌ಲೈಟಿನ ಒಳಗಿನ ಹೊಳೆಯುವ ಬೋಗುಣಿಯನ್ನು ಆ ತಂತಿ ಇರುವ ಜಾಗಕ್ಕೆ ಸರಿಯಾಗಿ ಅಳೆದು ಮಾಡಿರುತ್ತಾರೆ. ಅದರಲ್ಲಿ ಅಗ್ಗದ ಎಲ್‌ಇಡಿ ತುರುಕಿದರೆ ಬೆಳಕು ಹೊರಡುವ ಜಾಗವೇ ಬದಲಾಗುತ್ತದೆ, ಎಲ್ಲ ಕಡೆ ಚೆಲ್ಲುತ್ತದೆ. ನಿಮಗೆ ಹತ್ತಿರದ ರಸ್ತೆ ಬೆಳ್ಳಗೆ ಕಾಣುತ್ತದೆ, ಎದುರಿನವರಿಗೆ ಏನೂ ಕಾಣುವುದಿಲ್ಲ. ಕಂಪನಿಯಿಂದಲೇ ಎಲ್‌ಇಡಿ ದೀಪದೊಂದಿಗೆ ಬಂದ ಗಾಡಿಯ ವಿಷಯ ಬೇರೆ, ಅದರ ಬೋಗುಣಿಯನ್ನೇ ಎಲ್‌ಇಡಿಗೆಂದು ಮಾಡಿರುತ್ತಾರೆ.

ಇದಕ್ಕೆ ಕಾನೂನು ಇದೆಯಾ?

ಇದೆ. ಕೇಂದ್ರ ಮೋಟಾರು ವಾಹನ ನಿಯಮಗಳು 1989ರಲ್ಲಿ 106ನೇ ನಿಯಮ ಇದನ್ನೇ ಹೇಳುತ್ತದೆ. ದೀಪದಿಂದ 8 ಮೀಟರ್ ಮುಂದೆ, ಗಾಡಿಯ ಬಲ ಅಂಚಿನಿಂದ ಅರ್ಧ ಮೀಟರ್ ಆಚೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಒಬ್ಬರ ಕಣ್ಣಿದೆ ಎಂದುಕೊಳ್ಳಿ. ಆ ಕಣ್ಣು ಕುಕ್ಕದಂತೆ ಬೆಳಕು ತಗ್ಗಿರಬೇಕು. 2024ರಲ್ಲಿ ಕರ್ನಾಟಕದ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ಮೇಲೆ ರಾಜ್ಯದ ಉದ್ದಗಲಕ್ಕೂ ಕೇಸು ಹಾಕಿದರು.

ಬೈಕಿಗೆ ಹಗಲೆಲ್ಲ ಲೈಟ್ ಯಾಕೆ ಉರಿಯುತ್ತೆ?

2017ರ ಏಪ್ರಿಲ್ 1ರಿಂದ ಬಂದ ನಿಯಮ. ಹೊಸ ಬೈಕು, ಸ್ಕೂಟರುಗಳಿಗೆ ಆರಿಸುವ ಸ್ವಿಚ್ಚೇ ಇರುವುದಿಲ್ಲ. ಬೈಕು ದೂರದಿಂದಲೇ ಕಾಣಲಿ ಎಂದು ಹೀಗೆ ಮಾಡಿದ್ದಾರೆ. ಇವತ್ತಿಗೂ ಎದುರಿನಿಂದ ಬರುವ ಹಿರಿಯರು ಐದು ಬೆರಳನ್ನು ಅರಳಿಸಿ ಮುಚ್ಚಿ ‘ಲೈಟ್ ಆನ್ ಇದೆ’ ಎಂದು ಸನ್ನೆ ಮಾಡುತ್ತಾರೆ. ಗುರುತಿಲ್ಲದವರ ಬ್ಯಾಟರಿ ಉಳಿಸಲು ಕೈ ಎತ್ತುವ ಆ ಅಭ್ಯಾಸ ನನಗೆ ತುಂಬಾ ಪ್ರೀತಿ. ತಲೆ ಆಡಿಸಿ ಮುಂದೆ ಹೋಗಿ.

‘ಡಿಪ್ಪರ್’ ಅನ್ನೋ ಹೆಸರಿನ ಕಾಂಡೋಮ್ ಇತ್ತಂತೆ, ನಿಜಾನಾ?

ನಿಜ. 2016ರಲ್ಲಿ ಟಾಟಾ ಮೋಟರ್ಸ್ ಲಾರಿ ಡ್ರೈವರುಗಳಿಗಾಗಿ ಆ ಹೆಸರಿನಲ್ಲಿ ತಂದಿತ್ತು. ಮನೆಯಿಂದ ವಾರಗಟ್ಟಲೆ ದೂರ ಇರುವವರಿಗೆ ಏಡ್ಸ್ ಬಗ್ಗೆ ಅವರದೇ ಮಾತಿನಲ್ಲಿ ಹೇಳುವ ದಾರಿ ಅದು. ಲಾರಿಯ ಹಿಂದೆ ಬರೆದ ಸಾಲು ಎಲ್ಲರ ಬಾಯಲ್ಲೂ ಇತ್ತು, ಬೇರೆ ಜಾಹೀರಾತು ಬೇಕಾಗಲಿಲ್ಲ.

ರಾತ್ರಿ ನಡೆದು ಹೋಗುವವರು ಏನು ಮಾಡಬೇಕು?

ಈ ಪ್ರಶ್ನೆಯನ್ನು ನನ್ನ ಅಮ್ಮ ಕೇಳಿದ್ದು. ಫುಟ್‌ಪಾತ್ ಇಲ್ಲದ ಕಡೆ ರಸ್ತೆಯ ಬಲಕ್ಕೆ, ಎದುರಿನ ಗಾಡಿಗಳು ಕಾಣುವ ಹಾಗೆ ನಡೆಯಬೇಕು. ಬಿಳಿಯದ್ದೋ ಹಳದಿಯದ್ದೋ ಬಟ್ಟೆ ಹೊದ್ದುಕೊಳ್ಳಬೇಕು. ಮೊಬೈಲ್ ಟಾರ್ಚನ್ನು ಡ್ರೈವರ್ ಮುಖಕ್ಕೆ ಹಿಡಿಯಬಾರದು, ತಮ್ಮ ಕಾಲ ಮುಂದಿನ ನೆಲಕ್ಕೆ ಹಿಡಿಯಬೇಕು. ಎರಡು ಗಾಡಿ ಎದುರುಬದುರಾಗಿ ದಾಟುವ ಹೊತ್ತಿಗೆ ಮಣ್ಣಿಗಿಳಿದು ನಿಲ್ಲಬೇಕು. ಆ ಗಳಿಗೆಯಲ್ಲಿ ಇಬ್ಬರು ಡ್ರೈವರಿಗೂ ಅಂಚಿನಲ್ಲಿರುವವರು ಕಾಣುವುದಿಲ್ಲ. ಅಮ್ಮ ಈಗ ಡೈರಿಗೆ ಹಾಲು ಹಾಕಲು ಹೋಗುವಾಗ ಅಪ್ಪನ ಹಳೆಯ ಬಿಳಿ ಟವೆಲ್ ಹೆಗಲಿಗೆ ಹಾಕಿಕೊಂಡು ಹೋಗುತ್ತಾರೆ.